ರೇಡಿಯೋ ಬೀಕನ್‌ಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ ಬೇಕು

ಬದಿಯಡ್ಕದಿಂದ:
ಕೇರಳದ ಕಾಸರಗೋಡು ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯ ವಿಜ್ಞಾನ ಮೇಳಕ್ಕೆ ಏಳನೇ ತರಗತಿಯವರು ಒಂದು ಮಾದರಿ ಮಾಡಿದ್ದಾರೆ. ವಿಮಾನಗಳು ಮೊದಲು ನೆಲದ ರೇಡಿಯೋ ಬೀಕನ್ ಹಿಡಿದು ಹೋಗುತ್ತಿದ್ದವು, ಈಗ ಉಪಗ್ರಹ ನಂಬಿ ಹೋಗುತ್ತವೆ ಅಂತ. ಫ್ಲೆಕ್ಸ್ ಐದು ಗಂಟೆಗೆ ಅಚ್ಚಿಗೆ ಹೋಗಬೇಕು. ಬೀಕನ್‌ಗೆ ಒಂದು ಪದ, ಸ್ಯಾಟಲೈಟ್ ನೇವಿಗೇಶನ್‌ಗೆ ಒಂದು ಪದ ಕೊಡಿ. ಒಂದೇ ಷರತ್ತು, ಅರ್ಕಾವತ್ತು ಬೇಡ. ಇಲ್ಲಿನ ಅಂಗಡಿಯ ಕಂಪ್ಯೂಟರ್‌ನಲ್ಲಿ ಮಲಯಾಳ ಚೆನ್ನಾಗಿ ಬರುತ್ತದೆ, ಕನ್ನಡ ಕಳಚಿಕೊಳ್ಳುತ್ತದೆ. ಹೋದ ವರ್ಷ 'ಮಾರ್ಗದರ್ಶಿ' ಅಂತ ಬರೆದು ಕೊಟ್ಟಿದ್ದೆ, ಬಂದದ್ದು 'ಮಾರ್‌ಗದರ್‌ಶಿ'.

ಹೊಸೂರಿನಿಂದ:
ದಾರಿಸೊಡರು. ಸೊಡರು ಅಂದರೆ ದೀಪ. ದೀಪ ಸಂಸ್ಕೃತ, ಸೊಡರು ನಮ್ಮದು. ಇಲ್ಲಿ ತಮಿಳರು ಸುಡರ್ ಬಿಟ್ಟಿಲ್ಲ, ನಾವು ಬಿಟ್ಟೆವು. ಉಪಗ್ರಹಕ್ಕೆ ಸುತ್ತುಗ, ವಿಮಾನಕ್ಕೆ ಬಾನೋಡ. ಓಡ ಅಂದರೆ ದೋಣಿ. ನೇವಿಗೇಶನ್ನಿನ ಬೇರಿನಲ್ಲೂ ದೋಣಿಯೇ ಇದೆ. ಲ್ಯಾಟಿನ್ನಿನ ನಾವಿಸ್, ಸಂಸ್ಕೃತದ ನೌ ಅಕ್ಕತಂಗಿಯರು. ಹಾಗಾಗಿ ನೇವಿಗೇಶನ್‌ಗೆ 'ಓಡನಡೆ' ಅನ್ನಿ.

ಸೊಲ್ಲಾಪುರದಿಂದ:
ಸೊಡರು, ಸುತ್ತುಗ, ಓಡನಡೆ! ಆ ಫ್ಲೆಕ್ಸ್ ಓದುವವರು ಯಾರು? ಬೀಕನ್ ಅನ್ನಿ, ಮುಗೀತು. ಬಸ್ಸು, ಕಾರು ಅನ್ನುವಾಗ ಇಲ್ಲದ ಮಡಿ ಬೀಕನ್ನಿಗೆ ಮಾತ್ರ ಯಾಕೆ?

ಮುಳ್ಳೇರಿಯದಿಂದ:
ವಿಮಾನ ನಿಲ್ದಾಣದ ರೇಡಿಯೋ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಪದಕ್ಕೆ ಮೊದಲು ವಸ್ತು ನೋಡಿ.

ಎನ್‌ಡಿಬಿ ಅನ್ನುವ ಹಳೇ ಬೀಕನ್ ಎಲ್ಲ ದಿಕ್ಕಿಗೂ ಒಂದೇ ಥರ ಅಲೆ ಬಿಡುತ್ತದೆ. ಪೈಲಟ್ ಮುಂದಿನ ಮುಳ್ಳು ಅದರತ್ತ ತಿರುಗುತ್ತದೆ. ಜೊತೆಗೆ ಬೀಕನ್ ಮೋರ್ಸ್ ಅನ್ನುವ ಚುಕ್ಕೆ-ಗೆರೆಯ ಸಂಕೇತದಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಕುಟ್ಟುತ್ತಲೇ ಇರುತ್ತದೆ. ಆ ಕಟಕಟ ಕಿವಿಯಲ್ಲಿ ಕೇಳಿ, ಹೌದು ಇದೇ ಅಂತ ಖಾತ್ರಿಯಾದ ಮೇಲೆಯೇ ಮುಳ್ಳನ್ನು ನಂಬಬೇಕು. ಗುಡುಗು ಮಳೆ ಬಂದರೆ ಮುಳ್ಳು ಬೀಕನ್ ಬಿಟ್ಟು ಮಿಂಚಿನ ಕಡೆ ವಾಲುತ್ತದೆ. ಆಮೇಲೆ ಬಂದ ವಿಒಆರ್ ಇನ್ನೂ ಜಾಣ. ನೀನು ನನ್ನಿಂದ ಎಷ್ಟನೇ ಡಿಗ್ರಿಯಲ್ಲಿದ್ದೀಯ ಅಂತಲೇ ತಿಳಿಸುತ್ತದೆ. ಎರಡೂ ನಮ್ಮ ಕಾಸರಗೋಡಿನ ದೀಪಸ್ತಂಭದ ಹಾಗೆ, ಇದ್ದಲ್ಲಿಂದ ಕದಲುವುದಿಲ್ಲ. ಇವಕ್ಕೆ ದಾರಿದೀಪ ಸರಿ.

ಉಪಗ್ರಹ ದಾರಿ ತೋರಿಸುವುದೇ ಇಲ್ಲ. ಜಿಪಿಎಸ್ ಉಪಗ್ರಹ ಸುಮಾರು 20,200 ಕಿ.ಮೀ. ಮೇಲಿಂದ ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು ಅನ್ನುತ್ತದೆ, ಅಷ್ಟೇ. ಕನಿಷ್ಠ ನಾಲ್ಕು ಉಪಗ್ರಹಗಳ ಗಂಟೆ ಕೇಳಿ, ಲೆಕ್ಕ ಹಾಕಿ ಜಾಗ ಕಂಡುಹಿಡಿಯುವುದು ವಿಮಾನದೊಳಗಿನ ಯಂತ್ರ. ಅದಕ್ಕೇ 'ಉಪಗ್ರಹ ದಾರಿದೀಪ' ಅಂತ ಬರೆಯಬೇಡಿ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದವರು ಮಾಡಿದ ಗಗನ್ ಅನ್ನುವ ವ್ಯವಸ್ಥೆ ಆ ಲೆಕ್ಕದ ತಪ್ಪು ತಿದ್ದುತ್ತದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಅದನ್ನು ನಂಬಿ ಇಳಿಯಿತು.

ಇನ್ನೊಂದು, ದಾರಿದೀಪ ಆರಿಹೋಯಿತು ಅಂತಲೂ ಬರೆಸಬೇಡಿ ಟೀಚರೇ. ಉಪಗ್ರಹದ ಸಂಕೇತ ಬಹಳ ಸಣ್ಣದು, ಬೇಕೆಂದೇ ಕೆಡಿಸುವವರಿದ್ದಾರೆ. ಅದಕ್ಕೇ ಅಮೆರಿಕದವರೂ ಒಂದಷ್ಟು ವಿಒಆರ್ ಉಳಿಸಿಕೊಂಡಿದ್ದಾರೆ.

ಹೊಸೂರಿನಿಂದ:
ವಸ್ತು ಗೊತ್ತಾಯಿತು. ದೀಪ ಇನ್ನೂ ಸಂಸ್ಕೃತವೇ.

ಮಂಜೇಶ್ವರದಿಂದ:
ಸಂಸ್ಕೃತ ಅಂತ ದೀಪಾವಳಿಗೆ ಹಚ್ಚದೆ ಕೂರುತ್ತೀರಾ? ಇಲ್ಲಿನ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತುಳು, ಆಟದ ಬಯಲಲ್ಲಿ ಮಲಯಾಳ, ತರಗತಿಯಲ್ಲಿ ಮಾತ್ರ ಕನ್ನಡ. ಉಪಗ್ರಹ ಮಲಯಾಳದಲ್ಲೂ ಉಪಗ್ರಹವೇ. ಒಂದು ಪದವಾದರೂ ಎರಡೂ ಕಡೆ ಸಿಗಲಿ ಬಿಡಿ, ಅದನ್ನೂ ಕಿತ್ತು ಸುತ್ತುಗ ಅಂಟಿಸಬೇಕಾ? ಗಡಿಯಾಚೆ ಕೂತು ಶುದ್ಧ ಮಾಡುವುದು ಸುಲಭ.

ಹೊಸೂರಿನಿಂದ:
ನಾನೂ ಗಡಿಯಲ್ಲೇ ಇದ್ದೇನೆ. ತಮಿಳುನಾಡಿನ ಕಡೆ.

ಸೊಲ್ಲಾಪುರದಿಂದ:
ಮೀನಿಗೆ ಹೋಗುವವರನ್ನು ಕೇಳಿ ನೋಡಿ. ಓಡನಡೆ ಅನ್ನುವುದಿಲ್ಲ, 'ಜಿಪಿಎಸ್ ಹಾಕಿಕೊಂಡು ಹೋದೆವು' ಅನ್ನುತ್ತಾರೆ. ನಿಜವಾಗಿ ದೋಣಿ ನಡೆಸುವವರು ಅವರು, ಅಲ್ವಾ?

ಬದಿಯಡ್ಕದಿಂದ:
ಐದಾಗಿಹೋಯಿತು. ಮುಳ್ಳೇರಿಯದ ಸರ್ ಬರೆದ ಗಂಟೆಯ ಮಾತನ್ನು ತರಗತಿಯಲ್ಲಿ ಓದಿದೆ. ಮಕ್ಕಳೇ ಹೆಸರಿಟ್ಟರು: 'ನೆಲದ ದಾರಿದೀಪದಿಂದ ಬಾನಿನ ಗಡಿಯಾರಕ್ಕೆ'. ಅದನ್ನೇ ಕೊಟ್ಟೆ. ಕೆಳಗೆ ಸಣ್ಣಕ್ಷರದಲ್ಲಿ 'ಉಪಗ್ರಹ ನೇವಿಗೇಶನ್', ಹೊಸೂರಿನವರು ಕ್ಷಮಿಸಬೇಕು. ಈಗಷ್ಟೇ ಅಂಗಡಿಯಿಂದ ಪ್ರೂಫ್ ಬಂತು. ಅರ್ಕಾವತ್ತಿನ ಕಾಟ ಇಲ್ಲ, ಈ ಸಲ ಉಪಗ್ರಹದ 'ಗ್ರ' ಒಡೆದಿದೆ. ಅಂಗಡಿ ಮುಚ್ಚುವ ಮೊದಲು ಹೋಗಿ ಬರುತ್ತೇನೆ.