ಅಪ್‌ಡೇಟ್: ಪೋಕರ್ ಟ್ರೈನಿಂಗ್ ಸಾಫ್ಟ್‌ವೇರ್ ಉಪಯೋಗಕ್ಕೆ ಬಂತು

ಟೂರ್ನಮೆಂಟ್ ಕೊನೆಯ ಹಂತದ ಆಟ ಸುಧಾರಿಸಲು ಟ್ರೈನಿಂಗ್ ಸಾಫ್ಟ್‌ವೇರ್ ನೆರವಾಗುತ್ತಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಖಂಡಿತ ಆಗುತ್ತೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾವು ಗೆಳೆಯರು ಭಾನುವಾರ ಆಡುವುದು ಬರೀ ಪಾಯಿಂಟ್‌ಗೆ, ದುಡ್ಡಿಲ್ಲ. ಮೊದಲ ಮೂವರಿಗೆ 50, 30, 20 ಪಾಯಿಂಟ್.

ನೀವು ಹೇಳಿದಂತೆ ಪುಶ್-ಫೋಲ್ಡ್ (ಇರುವ ಚಿಪ್ಸ್ ಎಲ್ಲ ಒಡ್ಡುವುದು, ಇಲ್ಲವೇ ಎಲೆ ಬಿಡುವುದು) ಅಭ್ಯಾಸದಿಂದ ಶುರು ಮಾಡಿದೆ. ಹತ್ತು ಬಿಗ್ ಬ್ಲೈಂಡ್‌ಗಿಂತ (ಎಲೆ ನೋಡುವ ಮೊದಲೇ ಕಟ್ಟಬೇಕಾದ ದೊಡ್ಡ ಪಣ) ಕಡಿಮೆ ಚಿಪ್ಸ್ ಇದ್ದಾಗ ಅದು ಸಾಕು. ಆದರೆ ಕಣ್ಣು ತೆರೆಸಿದ್ದು ಐಸಿಎಂ, ಅಂದರೆ ಕೈಲಿರುವ ಚಿಪ್ಸ್‌ಗೆ ಬಹುಮಾನದಲ್ಲಿ ಎಷ್ಟು ಪಾಲು ಎಂದು ಅಳೆಯುವ ಲೆಕ್ಕ. ನಾಲ್ವರು ಉಳಿದಿದ್ದಾರೆ, ಎಲ್ಲರ ಬಳಿ ಸಮ ಚಿಪ್ಸ್ ಅಂದುಕೊಳ್ಳಿ. ಒಬ್ಬೊಬ್ಬರ ಪಾಲು 25 ಪಾಯಿಂಟ್. ಒಬ್ಬರನ್ನು ಹೊರಗೆ ಹಾಕಿ ನಿಮ್ಮ ಚಿಪ್ಸ್ ಎರಡರಷ್ಟಾದರೆ ಪಾಲು 50 ಆಗಲ್ಲ, ಸುಮಾರು 38 ಅಷ್ಟೇ. ಸೋತರೆ ಸೊನ್ನೆ. ಹಾಗಾಗಿ ಎದುರಾಳಿ ಎಲ್ಲ ಚಿಪ್ಸ್ ಒಡ್ಡಿದಾಗ (ಆಲ್-ಇನ್) ಕಾಲ್ ಮಾಡಲು, ಅಂದರೆ ಅಷ್ಟೇ ಒಡ್ಡಿ ಆಡಲು, ಗೆಲ್ಲುವ ಸಾಧ್ಯತೆ ಸುಮಾರು 65% ಬೇಕು! ಎದುರಾಳಿಯ ಕೈಯಲ್ಲಿ ಎಕ್ಕ-ರಾಜ ಇದೆ ಎಂದು ಗೊತ್ತಿದ್ದರೂ, ನಿಮ್ಮ ಜೋಡಿ ಎಂಟು ಗೆಲ್ಲುವುದು 55% ಆಸುಪಾಸು. ಅಂದರೆ ಫೋಲ್ಡ್ ಮಾಡಬೇಕು.

ಯಾವ ಎಲೆಗೆ ಏನು ಮಾಡಬೇಕೆಂಬ ಚಾರ್ಟ್ ಸುಮ್ನೆ ಬಾಯಿಪಾಠ ಮಾಡಬೇಡಿ. ಸಾಫ್ಟ್‌ವೇರ್ ಎದುರಾಳಿಯೂ ಸರಿಯಾಗಿ ಆಡುತ್ತಾನೆ ಎಂದು ಲೆಕ್ಕ ಹಾಕುತ್ತದೆ. ನಮ್ಮ ಗೆಳೆಯರು ಕಾಲ್ ಮಾಡೋದು ಜಾಸ್ತಿ. ಅದಕ್ಕೆ ಅವರ ರೇಂಜ್ (ಯಾವ ಯಾವ ಎಲೆಗೆ ಕಾಲ್ ಮಾಡುತ್ತಾರೆ ಎಂಬ ಪಟ್ಟಿ) ಬದಲಿಸಿ ಮತ್ತೆ ಲೆಕ್ಕ ಹಾಕಿಸುತ್ತೇನೆ. ಇದರಿಂದ ನನ್ನ ದುರ್ಬಲ ಎಲೆಗಳ ಪುಶ್ ಎಷ್ಟೋ ಕಡಿಮೆಯಾಯಿತು. ದಾರಿ ತೋರಿಸಿದ ಎಲ್ಲರಿಗೂ ಧನ್ಯವಾದ.