180ಕ್ಕೆ ಇಟ್ಟರೂ ಓವನ್ 130 ದಾಟುತ್ತಿಲ್ಲ, ಥರ್ಮೋಸ್ಟಾಟ್ ಬದಲಿಸಬೇಕಾ?

ಪ್ರಶ್ನೆ: ಕ್ಯಾಬಿನೆಟ್ ಒಳಗೆ ಕೂರಿಸಿದ ಎಲೆಕ್ಟ್ರಿಕ್ ಓವನ್. ಮೇಲಿನದು, ಕೆಳಗಿನದು ಎರಡೂ ಕಾಯಿಲ್ ಉರಿಯುವ ಮೋಡ್‌ನಲ್ಲಿ 180 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಕಾದರೂ ಒಳಗಿನ ಥರ್ಮಾಮೀಟರ್ 130ರ ಆಸುಪಾಸಿನಲ್ಲೇ ನಿಂತಿರುತ್ತೆ. ಹೀಟಿಂಗ್ ಸೂಚಿಸುವ ಕೆಂಪು ದೀಪ ಆರುವುದೇ ಇಲ್ಲ. ಬೇಯಲು ಇಟ್ಟದ್ದು ಮೇಲೆ ಕೆಂಪಗಾಗುತ್ತೆ, ತಳ ಹಸಿ. ಥರ್ಮೋಸ್ಟಾಟ್ ಹೋಗಿದೆ ಅಂತ ಹೇಳ್ತಿದ್ದಾರೆ. ತರಿಸಲಾ ಸರ್?

ಉತ್ತರ: ಬೇಡ, ತರಿಸಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ದೀಪ ಆರುತ್ತಿಲ್ಲ. ಹಾಗಂದ್ರೆ ಥರ್ಮೋಸ್ಟಾಟ್ ಇನ್ನೂ ಶಾಖ ಬೇಕು ಅಂತ ಕರೆಂಟ್ ಬಿಡುತ್ತಲೇ ಇದೆ. ಅದೇ ಕೆಟ್ಟು ಬೇಗ ಕಟ್ ಮಾಡುತ್ತಿದ್ದರೆ 130ಕ್ಕೇ ದೀಪ ಆರಬೇಕಿತ್ತು. ಕರೆಂಟ್ ಕೇಳುತ್ತಿದೆ, ಶಾಖ ಹುಟ್ಟುತ್ತಿಲ್ಲ. ತಳ ಹಸಿ ಉಳಿಯುತ್ತೆ ಅಂದ ಮೇಲೆ ಅನುಮಾನ ಕೆಳಗಿನ ಎಲಿಮೆಂಟ್, ಅಂದ್ರೆ ನೀವು ಹೇಳಿದ ಕಾಯಿಲ್ ಮೇಲೆ.

ಓವನ್ ತಣ್ಣಗಿರುವಾಗ ಕೆಳಗಿನ ಎಲಿಮೆಂಟ್ ಮಾತ್ರ ಉರಿಯುವ ಮೋಡ್‌ಗೆ ಹಾಕಿ ಹತ್ತು ನಿಮಿಷ ಬಿಡಿ. ಇಂಥ ಓವನ್‌ಗಳಲ್ಲಿ ಸಾಮಾನ್ಯವಾಗಿ ಅದು ತಳದ ತಗಡಿನ ಕೆಳಗೆ ಅಡಗಿರುತ್ತೆ, ಕೆಂಪಾಗುವುದು ಕಣ್ಣಿಗೆ ಕಾಣಲ್ಲ. ಬಾಗಿಲು ತೆರೆದು, ತಗಡು ಮುಟ್ಟದೆ ಒಂದು ಗೇಣು ಮೇಲೆ ಅಂಗೈ ಹಿಡಿದರೆ ಬಿಸಿ ಹೊಡೆಯಬೇಕು. ಹೊಡೆಯದಿದ್ದರೆ ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ.

ಅದಕ್ಕೂ ಮುಂಚೆ ಪ್ಲಗ್ ಕಿತ್ತು ಪಕ್ಕಕ್ಕಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ನೇರ ವೈರಿಂಗ್ ಇದ್ದರೆ ಎಂಸಿಬಿ (ಮೇನ್ ಬೋರ್ಡ್‌ನಲ್ಲಿರುವ ಸ್ವಿಚ್) ಇಳಿಸಿ, ಕನೆಕ್ಷನ್ ಹತ್ತಿರ ಟೆಸ್ಟರ್ ಇಟ್ಟು ನೋಡಿ. ಹಿಂದಿನ ತಗಡು ಬಿಚ್ಚಿ, ವೈರ್ ಮುಟ್ಟುವ ಮೊದಲು ಫೋಟೋ ತೆಗೆದುಕೊಳ್ಳಿ. ಎಲಿಮೆಂಟ್‌ನ ಒಂದು ವೈರ್ ಕಳಚಿ ಎರಡು ಕಾಲುಗಳ (ವೈರ್ ಸಿಕ್ಕಿಸುವ ತುದಿಗಳ) ನಡುವೆ ಓಮ್ಸ್ ಅಳೆಯಿರಿ. ವೋಲ್ಟೇಜನ್ನು ಅದರಿಂದಲೇ ಗುಣಿಸಿ ವ್ಯಾಟ್‌ನಿಂದ ಭಾಗಿಸಿದರೆ ಬರಬೇಕಾದ ರೀಡಿಂಗ್ ಸಿಗುತ್ತೆ. 230 ವೋಲ್ಟ್‌ಗೆ 1100 ವ್ಯಾಟ್ ಅಂದ್ರೆ 48 ಓಮ್ಸ್. ಒಂದೆರಡು ಓಮ್ಸ್ ಹೆಚ್ಚುಕಮ್ಮಿ ನಡೆಯುತ್ತೆ. ಮೀಟರ್ ಏನೂ ತೋರಿಸದಿದ್ದರೆ ಎಲಿಮೆಂಟ್ ಒಳಗೇ ತುಂಡಾಗಿದೆ. ಒಂದು ಕಾಲಿಗೂ ಓವನ್ ಬಾಡಿಗೂ ಮಧ್ಯೆ ಅಳೆದಾಗ ರೀಡಿಂಗ್ ಬರಲೇಬಾರದು. ಬಂದರೆ ಲೀಕ್ ಇದೆ, ಮತ್ತೆ ಆನ್ ಮಾಡಬೇಡಿ.

ಪ್ರಶ್ನೆ: ಅಳೆದೆ ಸರ್. ಎಲಿಮೆಂಟ್ ಮೇಲೆ 1100 ವ್ಯಾಟ್ ಅಂತಿದೆ, 48.6 ಬಂತು. ಓವನ್ ಬಾಡಿ ಜೊತೆ ಅಳೆದಾಗ ರೀಡಿಂಗ್ ಏನೂ ಬರಲಿಲ್ಲ. ಆದರೆ ವೈರ್ ಸಿಕ್ಕಿಸುವ ಕ್ಲಿಪ್ ಒಂದು ಕಪ್ಪುನೀಲಿ ಬಣ್ಣಕ್ಕೆ ತಿರುಗಿದೆ, ಬೆರಳಲ್ಲಿ ಎಳೆದರೆ ಸಲೀಸಾಗಿ ಬರುತ್ತೆ. ಅದರ ಮೇಲಿನ ಹೊದಿಕೆ (ಸ್ಲೀವ್) ಗರಿಗರಿಯಾಗಿ ಉದುರಿತು.

ಉತ್ತರ: ಕಳ್ಳ ಸಿಕ್ಕಿದ. ಎಲಿಮೆಂಟ್ ಚೆನ್ನಾಗಿದೆ, ಅದಕ್ಕೆ ಕರೆಂಟ್ ಮುಟ್ಟಿಸುವ ಕ್ಲಿಪ್ ಸುಟ್ಟಿದೆ. ಇಲ್ಲಿ ಹರಿಯುವುದು ಸುಮಾರು 4.8 ಆಂಪ್ಸ್. ಜಾಯಿಂಟ್ ಸಡಿಲವಾಗಿ ಬರೀ 1 ಓಮ್ ತಡೆ ಹುಟ್ಟಿದರೂ ಆ ಉಗುರಿನಷ್ಟು ಜಾಗದಲ್ಲೇ 22 ವ್ಯಾಟ್ ಬಿಸಿ. ಸಣ್ಣ ಸೋಲ್ಡರಿಂಗ್ ಐರನ್ ಇದ್ದ ಹಾಗೆ. ಬಿಸಿಯಾದಷ್ಟೂ ಲೋಹದ ಬಿಗಿ ಹೋಗುತ್ತೆ, ಬಿಗಿ ಹೋದಷ್ಟೂ ಇನ್ನೂ ಬಿಸಿ. ಕೊನೆಗೆ ಸಂಪರ್ಕವೇ ತಪ್ಪುತ್ತೆ.

ಹಳೆ ಕ್ಲಿಪ್ಪನ್ನೇ ಪ್ಲೈಯರ್‌ನಿಂದ ಒತ್ತಿ ಕೂರಿಸಬೇಡಿ, ಕೆಲವೇ ದಿನಕ್ಕೆ ಮತ್ತೆ ಇದೇ ಗತಿ. ಕಪ್ಪಾದ ಎಳೆಗಳೆಲ್ಲ ಹೋಗಿ ಹೊಳೆಯುವ ಎಳೆ ಕಾಣುವವರೆಗೆ ವೈರ್ ಕತ್ತರಿಸಿ. ನಿಕಲ್ ಲೇಪದ, ಹೆಚ್ಚು ಶಾಖ ತಡೆಯುವ ಕ್ಲಿಪ್ ತಂದು ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಿ. ಹೆಚ್ಚಿನವುಗಳಿಗೆ 6.3 ಮಿ.ಮೀ. ಅಗಲದ್ದು ಆಗುತ್ತೆ, ನಿಮ್ಮದನ್ನು ಅಳತೆ ಮಾಡಿ ನೋಡಿ. ವೈರ್ ಸಾಲದಿದ್ದರೆ ಗ್ಲಾಸ್ ಫೈಬರ್ ಹೊದಿಕೆಯ ಹೀಟ್ ಪ್ರೂಫ್ ವೈರ್ ಮಾತ್ರ, ಪಿವಿಸಿ ಕರಗಿ ಶಾರ್ಟ್ ಆಗುತ್ತೆ. ಬೆಸುಗೆಯಂತೂ ಬೇಡವೇ ಬೇಡ. ಸಾಮಾನ್ಯ ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರು. ಎಲಿಮೆಂಟ್‌ನ ಕಾಲನ್ನು ಎಮರಿ ಪೇಪರ್‌ನಿಂದ ಉಜ್ಜಿ. ಉಜ್ಜಿದ ಮೇಲೂ ಗುಳಿ ಬಿದ್ದಂತೆ ಕಂಡರೆ ಹೊಸ ಕ್ಲಿಪ್ ಕೂಡ ಅಲ್ಲಿ ಬಿಗಿಯಾಗಿ ಕೂರಲ್ಲ, ಎಲಿಮೆಂಟನ್ನೂ ಬದಲಿಸಿ.

ಮುಗಿದ ಮೇಲೆ ತಗಡು ಮುಚ್ಚಿ 200ಕ್ಕೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿ. ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಒಮ್ಮೆ ತೆರೆದು ನೋಡಿ. ಹೊಸ ಕ್ಲಿಪ್‌ನ ಬಣ್ಣ ಬದಲಾಗಿರಬಾರದು. ತಳದ ತಗಡಿನ ಮೇಲೆ ಅಲ್ಯುಮಿನಿಯಂ ಫಾಯಿಲ್ ಹಾಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಕೆಳಗಿನ ಶಾಖ ಮೇಲೆ ಬರಲ್ಲ, ಎನಾಮೆಲ್ ಕೂಡ ಹಾಳಾಗುತ್ತೆ.

ಇನ್ನೊಬ್ಬರ ಪ್ರಶ್ನೆ: ನಮ್ಮ ಓವನ್‌ನಲ್ಲಿ ಎರಡೂ ಎಲಿಮೆಂಟ್ ಉರಿಯುತ್ತವೆ. ಆದರೆ 180ಕ್ಕೆ ಇಟ್ಟರೆ 150ಕ್ಕೇ ದೀಪ ಆರುತ್ತೆ.

ಉತ್ತರ: ನಿಮ್ಮದು ಥರ್ಮೋಸ್ಟಾಟ್ ಕಡೆಯ ವಿಷಯ, ಮೇಲಿನ ಕೇಸ್‌ಗೆ ಪೂರ್ತಿ ಉಲ್ಟಾ. ಆದರೂ ಒಂದೇ ರೀಡಿಂಗ್ ನಂಬಬೇಡಿ. ಥರ್ಮಾಮೀಟರನ್ನು ನಡುವಿನ ಜಾಲರಿಯ ಮಧ್ಯದಲ್ಲಿಟ್ಟು ಅರ್ಧ ಗಂಟೆ ಬಾಗಿಲು ತೆಗೆಯದೆ ಬಿಡಿ. ಆಮೇಲೆ ಮೂರು ಸಲ ದೀಪ ಹತ್ತಿ ಆರುವಾಗಿನ ರೀಡಿಂಗ್‌ಗಳನ್ನು ಗಾಜಿನಿಂದಲೇ ನೋಡಿ ಬರೆದು ಸರಾಸರಿ ತೆಗೆಯಿರಿ. ಹತ್ತು ಹದಿನೈದು ಡಿಗ್ರಿ ಏರಿಳಿತ ಸಹಜ.

ಸರಾಸರಿಯೇ ಕಡಿಮೆ ಇದ್ದರೆ ಒಳಗೆ ಪೆನ್ಸಿಲ್‌ನಂಥ ತೆಳು ಲೋಹದ ಕಡ್ಡಿ ಇದೆಯಾ ನೋಡಿ, ಅದೇ ಸೆನ್ಸರ್. ಕ್ಲಿಪ್‌ನಿಂದ ಜಾರಿ ಎಲಿಮೆಂಟ್ ಹತ್ತಿರ ವಾಲಿದ್ದರೆ ಗಾಳಿಗಿಂತ ಮೊದಲು ಅದೇ ಕಾದು ಕಟ್ ಮಾಡಿಸುತ್ತೆ. ವಾಪಸ್ ಕ್ಲಿಪ್‌ಗೆ ಸಿಕ್ಕಿಸಿ. ಅದರ ಹಿಂದಿನ ಕೂದಲೆಳೆಯಂಥ ಕೊಳವೆ ಮಡಚದಂತೆ ಹುಷಾರು, ಮಡಚಿದರೆ ಇಡೀ ಥರ್ಮೋಸ್ಟಾಟ್ ಹೋದಂತೆ. ಸೆನ್ಸರ್ ಸರಿಯಾಗೇ ಇದ್ದು, 180ರಲ್ಲೂ 220ರಲ್ಲೂ ಒಂದೇ ಸಮ 30 ಡಿಗ್ರಿ ಕಡಿಮೆ ಬರುತ್ತಿದ್ದರೆ ಸದ್ಯಕ್ಕೆ ನಾಬನ್ನು 30 ಮುಂದಕ್ಕೆ ಇಟ್ಟುಕೊಂಡು ಕೆಲಸ ನಡೆಸಬಹುದು.

ಕಾಮೆಂಟ್: ಸಂಜೆ ಹೊತ್ತು ಮಾತ್ರ ನಿಧಾನಕ್ಕೆ ಕಾಯುತ್ತೆ ಅನ್ನುವವರು ಓವನ್ ಓಡುತ್ತಿರುವಾಗ ಪಕ್ಕದ ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿ. 230ರ ಬದಲು 200 ಇದ್ದರೆ ಶಾಖದಲ್ಲಿ ಸುಮಾರು ಕಾಲು ಭಾಗ ಹೋಯಿತು ಅಂತಲೇ ಲೆಕ್ಕ. ಕರೆಂಟ್ ಹೋಗಿ ಬಂದ ಮೇಲೆ ಓವನ್ ಪೂರ್ತಿ ತಣ್ಣಗೇ ಇದ್ದು ಗಡಿಯಾರದ ಅಂಕಿ ಮಿನುಗುತ್ತಿದ್ದರೆ ಏನೂ ಬಿಚ್ಚಬೇಡಿ. ಸಮಯ ಸೆಟ್ ಮಾಡುವವರೆಗೂ ಎಷ್ಟೋ ಮಾಡೆಲ್‌ಗಳು ಹೀಟ್ ಆಗಲ್ಲ.