ಅಪ್‌ಡೇಟ್: ಉರುಳುವ ಸಿಲಿಂಡರ್ ಲೆಕ್ಕ ಕೊನೆಗೂ ಬಗೆಹರಿಯಿತು

ಹೋದ ವಾರ ಕೇಳಿದ್ದೆನಲ್ಲ, 2 ಮೀಟರ್ ಎತ್ತರದ ಇಳಿಜಾರಿನಿಂದ ಜಾರದೆ ಉರುಳುವ ಗಟ್ಟಿ ಸಿಲಿಂಡರ್ ಲೆಕ್ಕ? ಕೆಳಗೆ ಬಂದಾಗಿನ ವೇಗ ನನಗೆ ಸೆಕೆಂಡಿಗೆ 6.26 ಮೀಟರ್ ಬರುತ್ತಿತ್ತು, ಪುಸ್ತಕದಲ್ಲಿ 5.11.

ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿದೆಯಾ ನೋಡು ಅಂದವರಿಗೆ ಥ್ಯಾಂಕ್ಸ್, ಆದರೆ ಇದಕ್ಕೆ ಕೋನವೇ ಬೇಕಿಲ್ಲ. ಜಿ (ಗುರುತ್ವ ವೇಗೋತ್ಕರ್ಷ) ಬೆಲೆ 10 ಹಾಕಿದರೆ ಉತ್ತರ ಇನ್ನೂ ದೂರ ಹೋಯಿತು. 'ತಿರುಗೋದಕ್ಕೂ ಶಕ್ತಿ ಬೇಕಲ್ವಾ?' ಅಂದ ಅಣ್ಣನ ಮಾತೇ ಸರಿ. ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲು ತಿರುಗುವುದಕ್ಕೇ ಹೋಗುತ್ತದೆ. ಅದನ್ನು ಸೇರಿಸಿದ ಕೂಡಲೇ 5.11! ತೂಕ, ತ್ರಿಜ್ಯ ಎರಡೂ ಹೊಡೆದುಹೋದವು. ಇದನ್ನು ಮಾತ್ರ ನಿರೀಕ್ಷಿಸಿರಲಿಲ್ಲ.

ರಾಯಚೂರಿನ ಸೆಕೆಗೆ ಮಾಳಿಗೆ ಮೇಲೆ ಮಲಗುತ್ತೇವೆ. ಅಲ್ಲೇ ಹಲಗೆ ಓರೆ ಇಟ್ಟು ಟಾರ್ಚ್ ಸೆಲ್, ಪೈಪಿನ ತುಂಡು ಒಟ್ಟಿಗೆ ಬಿಟ್ಟೆ. ಪ್ರತಿ ಸಲ ಸೆಲ್ಲೇ ಮೊದಲು. ಅದೇ 2 ಮೀಟರ್ ಎತ್ತರದಿಂದ ಟೊಳ್ಳು ಪೈಪಿಗೆ ಲೆಕ್ಕದಲ್ಲಿ 4.43 ಅಷ್ಟೇ. 'ನಿದ್ದಿ ಬರಂಗಿಲ್ಲೇನು ನಿಂಗ' ಅಂತ ಅವ್ವ ಬೈದಳು.